ಹಿಂದೀ ಚಿತ್ರಗೀತೆಗಳಲ್ಲಿ ಶೃಂಗಾರರಸ

ಸಾಹಿತ್ಯಪತ್ರಿಕೆಯ ವಿಮರ್ಶೆಯ ಪುಟಗಳಲ್ಲಿ ಚಲಚ್ಚಿತ್ರದ ಹಾಡುಗಳಿಗೆ ಎಡೆಗೊಡುವುದು ಉಚಿತವೆ ಎಂದು ಕೆಲವರು ಹುಬ್ಬುಗಂಟಿಕ್ಕಬಹುದು. ಆದರೆ ಜನರು ಏನನ್ನು ಓದತಕ್ಕದ್ದೆಂಬುದನ್ನು ವಿಚಾರಿಸುವ ವಿಮರ್ಶಕನು, ಅವರ ಕಿವಿಯಲ್ಲಿ ಹಗಲಿರುಳು ಏನು ಬೀಳುತ್ತಿರುವುದೆಂಬುದನ್ನೂ ವಿಚಾರಿಸಬೇಕಲ್ಲವೆ? ನಮ್ಮ ದೇರೆಬೈಲಿನಲ್ಲಿ ತುಳು, ಕೊಂಕಣಿ, ಬ್ಯಾರಿ, ಕನ್ನಡಗಳನ್ನಾಡುವ ಮನೆಗಳು ಒಂದರ ಮಗ್ಗುಲಲ್ಲೊಂದು ಇರುವುವು. ಈ ನಾಲ್ಕು ಬಗೆಯ ಮನೆಗಳಲ್ಲಿಯೂ ಸಮಾನವಾಗಿ ಕೇಳಿಬರುವ ಪದ್ಯವಾಙ್ಮಯವು ಯಾವುದೆಂದು ಕೇಳಿದರೆ, ಕುಮಾರವ್ಯಾಸನ ಭಾರತವೆಂದಾಗಲಿ ದಾಸರ ಪದಗಳೆಂದಾಗಲಿ ಹೇಳುವ ಧೈರ್ಯ ನಮಗಿಲ್ಲ. ಹಿಂದೀ ಪ್ರಣಯಚಿತ್ರಗಳ ಹಾಡುಗಳೆಂದೇ ಹೇಳಬೇಕಾಗುವುದು. ಶೃಂಗಾರವನ್ನು ರಸರಾಜನೆಂದು ಕರೆದ ನಾಡಿನಲ್ಲಿ, ಮೂರು ತಲೆಮಾರುಗಳ ತರುಣತರುಣಿಯರು ಪ್ರೇಮದ ನುಡಿಯನ್ನು ಕಲಿತುದು ಈ ಹಾಡುಗಳಿಂದ. ಹೀಗಿರುವಾಗ ಇವುಗಳ ಗುಣದೋಷಗಳನ್ನು ಶಾಸ್ತ್ರದೃಷ್ಟಿಯಿಂದ ಪರಿಶೀಲಿಸದೆ ಬಿಡುವುದು ಕರ್ತವ್ಯಲೋಪವೆಂದೇ ನಮ್ಮ ಎಣಿಕೆ.

ಹಿರಿಯರ ಆಕ್ಷೇಪಗಳು ಮುಖ್ಯವಾಗಿ ಮೂರು. ಪಾತ್ರಧಾರಿಯು ತುಟಿಯಾಡಿಸುವುದು, ಮರೆಯಲ್ಲಿ ಮತ್ತೊಬ್ಬನು ಹಾಡುವುದು, ಇದು ಕಪಟವೆಂಬುದು ಮೊದಲನೆಯದು. ಈ ಹಾಡುಗಳು ಮಟ್ಟಿಗೆ ಹೊಂದಿಸಿದ ಮಾತುಗಳೇ ಹೊರತು ಕಾವ್ಯವಲ್ಲವೆಂಬುದು ಎರಡನೆಯದು. ಪರಭಾಷೆಯ ಈ ಹಾಡುಗಳಿಂದ ನಮ್ಮ ಹಾಡುಗಳು ಮೂಲೆಗುಂಪಾದುವೆಂಬುದು ಮೂರನೆಯದು. ಇವಕ್ಕೆಲ್ಲ ತರುಣರು ಕೊಡುವ ಉತ್ತರ ಒಂದೇ: ಹಾಡು ಇಂಪಾಗಿದೆ! ಆಕ್ಷೇಪಗಳಲ್ಲಿ ಅರ್ಧ ಸತ್ಯವುಂಟು. ಉತ್ತರದಲ್ಲಿಯೂ ಅರ್ಧವೇ ಸತ್ಯವಿರುವುದು. ಉಳಿದ ಅರ್ಧಗಳನ್ನು ಹುಡುಕುವುದೇ ಈ ಲೇಖನದ ಉದ್ದೇಶ.

ಮೊದಲನೆಯ ಆಕ್ಷೇಪವನ್ನು ನೋಡೋಣ. ಭಾರತದೇಶದ ಮೊದಲ ವಾಕ್ಚಿತ್ರವಾದ 'ಆಲಂ ಆರಾ' ೧೯೩೧ನೆಯ ಮಾರ್ಚಿಯಲ್ಲಿ ಮುಂಬಯಿಯಲ್ಲಿ ತೆರೆಕಂಡಿತು. ಅದರಲ್ಲಿ ಏಳು ಹಾಡುಗಳಿದ್ದುವು. ಮರುವರ್ಷದ 'ಇಂದ್ರಸಭಾ'ದಲ್ಲಿ ಎಪ್ಪತ್ತರಷ್ಟು ಹಾಡುಗಳು! ಆಗ ನಟನೇ ಹಾಡಬೇಕಾಗಿದ್ದಿತು. ೧೯೩೫ರಲ್ಲಿ ಕಲಕತ್ತೆಯ ನ್ಯೂ ಥಿಯೇಟರ್ಸಿನವರ 'ಧೂಪ್ ಛಾಂವ್' ಎಂಬ ಚಿತ್ರದಿಂದ, ಹಾಡುವವರು ಬೇರೆ, ಅಭಿನಯಿಸುವವರು ಬೇರೆ ಎಂಬ ಪದ್ಧತಿ ರೂಢಿಗೆ ಬಂದಿತು. ಇದನ್ನು ಕಪಟವೆನ್ನುವವರು ಭರತನ ನಾಟ್ಯಶಾಸ್ತ್ರದ ಮೂವತ್ತೆರಡನೆಯ ಅಧ್ಯಾಯವನ್ನು ತೆರೆಯಲಿ. ಅಲ್ಲಿ ಧ್ರುವಾಗೀತಗಳ ವಿಚಾರವುಂಟು. ಪಾತ್ರದ ಪ್ರವೇಶಕ್ಕೆ ಪ್ರಾವೇಶಿಕೀ, ನಡೆಯುತ್ತಿರುವ ರಸವನ್ನು ತಟ್ಟನೆ ಮುರಿದು ಬೇರೊಂದನ್ನು ತರುವುದಕ್ಕೆ ಆಕ್ಷೇಪಿಕೀ, ಕಲಕಿದ ಮನಸ್ಸನ್ನು ತಿಳಿಗೊಳಿಸುವುದಕ್ಕೆ ಪ್ರಾಸಾದಿಕೀ, ರಂಗದ ತೆರಪನ್ನೂ ಲೋಪವನ್ನೂ ಮುಚ್ಚುವುದಕ್ಕೆ ಆಂತರಾ, ನಿರ್ಗಮನಕ್ಕೆ ನೈಷ್ಕ್ರಾಮಿಕೀ ಎಂದು ಐದು ವಿಧ. ಇವುಗಳನ್ನು ವಾದ್ಯಗಾರರೊಡನೆ ಕುಳಿತ ಗಾಯಕರು ಹಾಡುತ್ತಿದ್ದರು, ಅದೂ ಜನರಿಗೆ ಹತ್ತಿರವಾದ ಪ್ರಾಕೃತದಲ್ಲಿ. ನಟನ ಹೃದಯದಲ್ಲಿರುವುದನ್ನು ಮತ್ತೊಬ್ಬನ ಕಂಠವು ಹೇಳುವುದು ನಮ್ಮ ರಂಗಭೂಮಿಗೆ ಹೊಸತಲ್ಲ.

ಕರಾವಳಿಯ ನಮಗಂತೂ ಶಾಸ್ತ್ರಗ್ರಂಥವೂ ಬೇಡ. ಯಕ್ಷಗಾನದಲ್ಲಿ ಭಾಗವತನು ಹಾಡುವನು, ವೇಷಧಾರಿಯು ಕುಣಿಯುವನು, ಅನಂತರ ಅರ್ಥ ಹೇಳುವನು. ದಮಯಂತಿಯ ಅಳಲು ಭಾಗವತನ ಗಂಡುಕಂಠದಿಂದ ಹೊರಟರೂ ನಮಗೆ ಅಸಂಗತವೆನಿಸುವುದಿಲ್ಲ. ಏಕೆಂದರೆ ಭಾಗವತನು ನಮ್ಮ ಕಣ್ಣಮುಂದೆಯೇ ಇರುವನು. ಅಲ್ಲಿ ಯಾವ ಮುಚ್ಚುಮರೆಯೂ ಇಲ್ಲ. ಹಿಂದೀ ಚಿತ್ರವಾದರೋ ಭಾಗವತನನ್ನು ಅಡಗಿಸಿ, ವೇಷಧಾರಿಯ ತುಟಿಗೆ ಆ ಕಂಠವನ್ನು ಅಂಟಿಸಿತು. ಭೇದವು ಇಷ್ಟೇ. ಆದರೆ ಈ ಸಣ್ಣ ಭೇದದಿಂದ ದೊಡ್ಡದೊಂದು ಪರಿಣಾಮವುಂಟಾಯಿತು. ಭಾಗವತನು ಹಾಡುವಾಗ ಪ್ರೇಮವು ವರ್ಣಿಸಲ್ಪಡುವುದು. ನಾಯಕನೇ ತುಟಿಯಾಡಿಸಿದಾಗ ಪ್ರೇಮವು ಘೋಷಿಸಲ್ಪಡುವುದು. ಅಲ್ಲಿಂದಲೇ ಎರಡನೆಯ ಆಕ್ಷೇಪದ ವಿಚಾರವು ಮೊದಲಾಗುವುದು.

ಮಮ್ಮಟನು ಕಾವ್ಯಪ್ರಕಾಶದ ಏಳನೆಯ ಉಲ್ಲಾಸದಲ್ಲಿ ರಸದೋಷಗಳನ್ನೆಣಿಸುವಾಗ ಎಲ್ಲಕ್ಕಿಂತ ಮೊದಲು ಹೇಳುವ ದೋಷವು ಸ್ವಶಬ್ದವಾಚ್ಯತ್ವ. ರಸವನ್ನಾಗಲಿ ಸ್ಥಾಯಿಭಾವವನ್ನಾಗಲಿ ಅದರ ಹೆಸರಿನಿಂದಲೇ ಕರೆದುಬಿಟ್ಟರೆ ಅದು ಆಸ್ವಾದಕ್ಕೆ ಬಾರದು. ನನಗೆ ದುಃಖವಾಗಿದೆ ಎಂದವನ ಮಾತಿಗಿಂತ, ಉಣ್ಣದೆ ಎಲೆಯ ಮುಂದಿನಿಂದೆದ್ದವನ ಮೌನವು ನಮ್ಮನ್ನು ಕಲಕುವುದಷ್ಟೆ! ಈಗ ಸಾಮಾನ್ಯವಾದ ಹಿಂದೀ ಪ್ರಣಯಗೀತೆಯನ್ನು ಈ ಒರೆಗಲ್ಲಿಗೆ ತಿಕ್ಕಿ ನೋಡಿರಿ. ಪ್ಯಾರ್, ಮೊಹಬ್ಬತ್, ಇಶ್ಕ್, ದಿಲ್ ಎಂಬ ನಾಲ್ಕು ಶಬ್ದಗಳನ್ನು ತೆಗೆದರೆ ಎಷ್ಟೋ ಹಾಡುಗಳಲ್ಲಿ ಉಳಿಯುವುದು ತಾಳ ಮಾತ್ರ. ಇದು ಭಾಷೆಯ ಬಡತನವಲ್ಲ, ಕವಿಯ ಸೋಮಾರಿತನ. ಜನಸಾಮಾನ್ಯರಿಗಾಗಿ ಬರೆಯುವಾಗ ನೇರವಾಗಿ ಹೇಳಲೇಬೇಕೆಂದು ಸಮರ್ಥಿಸುವವರಿಗೆ ಹಾಲನ ಗಾಥಾಸಪ್ತಶತಿಯೇ ಉತ್ತರ. ಅದು ಮಹಾರಾಷ್ಟ್ರೀ ಪ್ರಾಕೃತದಲ್ಲಿ ಹಳ್ಳಿಯ ಹೆಣ್ಣುಗಂಡುಗಳ ಒಲವನ್ನು ಹೇಳತಕ್ಕ ಕೃತಿ. ಅಲ್ಲಿ ನುಡಿ ಸರಳ, ಧ್ವನಿ ಅಪಾರ. ಸರಳವಾಗಿ ಹೇಳುವುದು ಬೇರೆ, ಬತ್ತಲೆಯಾಗಿ ಹೇಳುವುದು ಬೇರೆ.

ಹಾಗಾದರೆ ಹಿಂದೀ ಚಿತ್ರಗಳಲ್ಲಿ ಶೃಂಗಾರವು ಎಲ್ಲಿಯೂ ವ್ಯಂಗ್ಯವಾಗಿಲ್ಲವೆ? ಅವಶ್ಯವಾಗಿ ಆಗಿರುವುದು. ಅದು ಆಗಿರುವ ಎಡೆಗಳನ್ನು ಒಟ್ಟುಗೂಡಿಸಿ ನೋಡಿದಾಗ ನಮಗೆ ತೋರಿದ ಒಂದು ಅಂಶವನ್ನು ಇಲ್ಲಿ ನಿವೇದಿಸುವೆವು. ಪ್ರಣಯಿಗಳು ತಾವೇ ಹಾಡದಿರುವ ಎಡೆಗಳಲ್ಲಿಯೇ ಹಿಂದೀ ಚಿತ್ರದ ಪ್ರಣಯಗೀತೆಯು ಪರಮೋತ್ಕರ್ಷಕ್ಕೇರಿರುವುದು.

ಮೊದಲು ಕಾಳಿದಾಸನನ್ನು ನೆನೆಯೋಣ. ಶಾಕುಂತಲದ ಐದನೆಯ ಅಂಕದಲ್ಲಿ ಹಂಸಪದಿಕೆಯು ತೆರೆಯ ಮರೆಯಲ್ಲಿ ಹಾಡುವಳು. ಶಕುಂತಲೆಯನ್ನು ಮರೆತ ದುಷ್ಯಂತನು ಅದನ್ನು ಕೇಳಿ, ಯಾರ ಅಗಲಿಕೆಯೂ ಇಲ್ಲದಿದ್ದರೂ ಮನಸ್ಸು ಕಳವಳಿಸುವುದೇಕೆಂದು ಬೆರಗಾಗುವನು. ಹಾಡು ಒಬ್ಬಳದು, ನೋವು ಇನ್ನೊಬ್ಬಳದು, ಕಳವಳ ಮತ್ತೊಬ್ಬನದು. ಶೂದ್ರಕನು ಇದಕ್ಕೂ ಒಂದು ಹೆಜ್ಜೆ ಮುಂದೆ ಹೋದನು. ಮೃಚ್ಛಕಟಿಕದ ಮೂರನೆಯ ಅಂಕದಲ್ಲಿ ಚಾರುದತ್ತನು ರೇಭಿಲನ ಗಾನವನ್ನು ಕೇಳಿ ನಡುರಾತ್ರಿ ಮನೆಗೆ ಮರಳುತ್ತಿರುವನು. ಆ ಹಾಡು ನಾಟಕದಲ್ಲಿ ಇಲ್ಲವೇ ಇಲ್ಲ! ಹಾಡು ಮುಗಿದ ಮೇಲೆ ಕಿವಿಯಲ್ಲಿ ಉಳಿದ ಅನುರಣನವನ್ನು ಮಾತ್ರ ಕವಿಯು ನಮಗೆ ಕೊಡುವನು. ವಸಂತಸೇನೆಯ ಹೆಸರೆತ್ತದೆಯೇ ಚಾರುದತ್ತನ ಅಂತರಂಗವು ನಮಗೆ ತಿಳಿಯುವುದು.

ಇದೇ ಮಾರ್ಗವು, ತಿಳಿದೋ ತಿಳಿಯದೆಯೋ, ಕೆ. ಆಸಿಫರ 'ಮುಘಲ್-ಎ-ಆಜಂ' ಎಂಬ ೧೯೬೦ರ ಚಿತ್ರದಲ್ಲಿ ಕಾಣಬರುವುದು. ಸಲೀಮನೂ ಅನಾರ್ಕಲಿಯೂ ಇರುಳಿನಲ್ಲಿ ಸಂಧಿಸುವಾಗ ಇಬ್ಬರೂ ಹಾಡುವುದಿಲ್ಲ. ದೂರದಲ್ಲಿ ತಾನಸೇನನು ಹಾಡುತ್ತಿರುವನು; ಉಸ್ತಾದ್ ಬಡೇ ಗುಲಾಂ ಅಲೀ ಖಾನರು ಸೋಹನೀ ರಾಗದಲ್ಲಿ ಅದನ್ನು ಹಾಡಿರುವರು. ಪ್ರಣಯಿಗಳ ನಡುವೆ ಒಂದು ಗರಿಯಷ್ಟೇ ಚಲಿಸುವುದು. ಉದ್ದೀಪನವಿಭಾವವೆಂದರೇನೆಂದು ವಿದ್ಯಾರ್ಥಿಗಳಿಗೆ ಬೋಧಿಸಲು ಇದಕ್ಕಿಂತ ಮಿಗಿಲಾದ ಉದಾಹರಣೆಯನ್ನು ನಾವು ಅರಿಯೆವು.

೧೯೫೯ರ 'ಕಾಗಜ್ ಕೇ ಫೂಲ್' ಎಂಬ ಚಿತ್ರವನ್ನು ನಿರ್ದೇಶಿಸಿದವರು ಗುರುದತ್ತರು. ಇವರು ೧೯೨೫ರಲ್ಲಿ ಬೆಂಗಳೂರಿನಲ್ಲಿ ಜನಿಸಿದ ಪಡುಕೋಣೆ ಮನೆತನದವರು. ಇವರ ತಾಯಿ ವಾಸಂತಿ ಪಡುಕೋಣೆಯವರು ಕನ್ನಡದ ಲೇಖಕಿ. ಛಾಯಾಗ್ರಾಹಕರಾದ ವಿ. ಕೆ. ಮೂರ್ತಿಗಳು ಮೈಸೂರಿನವರು. ಈ ಚಿತ್ರದಲ್ಲಿ ಬರಿದಾದ ಸ್ಟುಡಿಯೋದೊಳಗೆ, ಮೇಲಿನಿಂದಿಳಿಯುವ ಬೆಳಕಿನ ಕಂಬದ ಇಕ್ಕೆಲಗಳಲ್ಲಿ ನಾಯಕನೂ ನಾಯಿಕೆಯೂ ನಿಂತಿರುವರು. ಕೈಫೀ ಆಜ್ಮಿಯವರ ಗೀತೆಯನ್ನು ಗೀತಾ ದತ್ತರು ಹಾಡುವರು. ತೆರೆಯ ಮೇಲೆ ಯಾರ ತುಟಿಯೂ ಚಲಿಸುವುದಿಲ್ಲ. ಕಾಲವು ಇಬ್ಬರಿಗೂ ಮಾಡಿದುದನ್ನು ಬೇರೊಂದು ಕಂಠವು ಹೇಳುತ್ತಿರುವುದು. ಸಾಮಾನ್ಯವಾಗಿ ಹಿಂದೀ ಚಿತ್ರವು ಅಡಗಿಸಿಡುವ ಭಾಗವತನನ್ನು ಇಲ್ಲಿ ಮತ್ತೆ ಹೊರಗೆ ಕರೆದಂತಾಯಿತು. ಒಡನೆಯೇ ವಿಪ್ರಲಂಭವು ಘೋಷಣೆಯಿಂದ ಬಿಡುಗಡೆಹೊಂದಿ ಧ್ವನಿಯಾಯಿತು. ಆ ಚಿತ್ರವು ತೆರೆಕಂಡಾಗ ಜನಾದರವನ್ನು ಪಡೆಯಲಿಲ್ಲ. ಆದರೆ ಈ ಗೀತೆಯು ಇಂದಿಗೂ ಮಾಸಿಲ್ಲವೆಂಬುದು ಗಮನಾರ್ಹ.

ಮೂರನೆಯ ನಿದರ್ಶನವು ೧೯೬೬ರ 'ತೀಸರೀ ಕಸಂ'. ಫಣೀಶ್ವರನಾಥ ರೇಣು ಅವರ ಕಥೆಯನ್ನು ಕವಿ ಶೈಲೇಂದ್ರರು ಚಿತ್ರವಾಗಿ ನಿರ್ಮಿಸಿದರು. ರೈಲ್ವೆಯ ಕಾರ್ಖಾನೆಯಲ್ಲಿ ದುಡಿಯುತ್ತಿದ್ದ ಈ ಕವಿಯು ಚಿತ್ರರಂಗದಲ್ಲಿ ಆಡುನುಡಿಯ ಘನತೆಯನ್ನು ಕಾಪಾಡಿದವರಲ್ಲಿ ಅಗ್ರಗಣ್ಯರು. ಗಾಡಿ ಹೊಡೆಯುವ ಹೀರಾಮನನೂ ನೌಟಂಕಿಯ ಮೇಳದ ಹೀರಾಬಾಯಿಯೂ ಒಂದು ಎತ್ತಿನಗಾಡಿಯ ಪಯಣದಲ್ಲಿ ಹತ್ತಿರವಾಗುವರು. ಒಲವೆಂಬ ಮಾತು ಅವರೊಳಗೆ ಬಾಯಿಬಿಟ್ಟು ಬರುವುದೇ ಇಲ್ಲ. ದಾರಿಯಲ್ಲಿ ಹೀರಾಮನನು ಹಾಡುವುದು ಹಿಂದೊಮ್ಮೆ ಮಾರಲ್ಪಟ್ಟ ಒಬ್ಬ ಹುಡುಗಿಯ ಹಳೆಯ ಕಥೆಯನ್ನು. ಆ ಕಥೆಯೊಳಗೆ ತನ್ನ ಕಥೆಯನ್ನು ಹೀರಾಬಾಯಿಯು ಕೇಳಿಕೊಳ್ಳುವಳು. ಇಲ್ಲಿ ಪಾತ್ರವು ಹಾಡಿದರೂ ತನ್ನ ಮಾತನ್ನು ಹಾಡಲಿಲ್ಲ. ಡೇರೆ ಮೇಳಗಳ ಯಕ್ಷಗಾನವನ್ನು ಕಂಡ ನಮ್ಮ ಜಿಲ್ಲೆಯವರಿಗೆ ಆ ನೌಟಂಕಿಯ ಡೇರೆಯೂ, ಮೇಳದವರು ಮುಂದಿನ ಊರಿಗೆ ಹೊರಟಾಗ ಉಳಿಯುವ ಶೂನ್ಯವೂ ಅಪರಿಚಿತವಲ್ಲ.

ಆದರೂ ಶಾಸ್ತ್ರವನ್ನು ಯಂತ್ರದಂತೆ ಪ್ರಯೋಗಿಸಲಾಗದು. ಅದೇ 'ಮುಘಲ್-ಎ-ಆಜಂ'ದಲ್ಲಿ ಕನ್ನಡಿಯ ಮಹಲಿನೊಳಗೆ ಅನಾರ್ಕಲಿಯು ಚಕ್ರವರ್ತಿಯ ಮುಂದೆ ನರ್ತಿಸುತ್ತ, ತಾನು ಪ್ರೀತಿಸಿರುವುದನ್ನು ಸ್ವಶಬ್ದದಿಂದಲೇ ಸಾರುವಳು. ಶಕೀಲ್ ಬದಾಯೂನಿಯವರ ರಚನೆ, ನೌಷಾದರ ಸಂಗೀತ, ಲತಾ ಮಂಗೇಶ್ಕರರ ಕಂಠ. ಇದು ದೋಷವೆ? ಅಲ್ಲ. ಅಲ್ಲಿ ಆ ಶಬ್ದವನ್ನು ಉಚ್ಚರಿಸುವುದೇ ಕಥೆಯ ಕಾರ್ಯ. ದಾಸಿಯು ಅರಸನೆದುರಿಗೆ ಆಡಬಾರದ ಮಾತನ್ನು ಆಡಿದಳು; ಆಡಿದ್ದರಿಂದಲೇ ಸೆರೆಗೆ ಹೋದಳು. ಔಚಿತ್ಯವಿದ್ದರೆ ದೋಷವೂ ಗುಣವಾಗುವುದೆಂಬುದು ಆಲಂಕಾರಿಕರ ಮತವಾಗಿದೆ. ಬೆಲೆ ತೆರದೆ ಉದ್ಯಾನದಲ್ಲಿ ಮರ ಸುತ್ತುತ್ತ ಅದೇ ಶಬ್ದವನ್ನು ಹತ್ತು ಸಲ ಕೂಗುವವನಿಗೆ ಈ ವಿನಾಯಿತಿ ಸಲ್ಲದು.

ಇನ್ನು ಮಮ್ಮಟನು ಹೇಳುವ ಬೇರೆ ದೋಷಗಳು. ಅಕಾಲದಲ್ಲಿ ರಸವನ್ನು ವಿಸ್ತರಿಸುವುದು ಒಂದು ದೋಷ. ವೇಣೀಸಂಹಾರದ ಎರಡನೆಯ ಅಂಕದಲ್ಲಿ, ವೀರರು ಯುದ್ಧದಲ್ಲಿ ಬೀಳುತ್ತಿರುವಾಗ ದುರ್ಯೋಧನನು ಭಾನುಮತಿಯೊಡನೆ ಶೃಂಗಾರದಲ್ಲಿ ತೊಡಗುವುದನ್ನು ಅವನು ಇದಕ್ಕೆ ಉದಾಹರಿಸಿರುವನು. ವೈರಿಗಳು ಬೆನ್ನಟ್ಟುತ್ತಿರುವಾಗ ನಾಯಕನು ಹಿಮಾಲಯದಲ್ಲಿ ಹಾಡತೊಡಗುವುದನ್ನು ಕಂಡು ನಗುವ ವಿದ್ಯಾವಂತರು, ಈ ರೋಗವು ಸಂಸ್ಕೃತ ನಾಟಕಕಾರರಿಗೂ ತಗಲಿತ್ತೆಂಬುದನ್ನು ಮರೆಯಬಾರದು. ಒಂದೇ ರಸವನ್ನು ಮತ್ತೆ ಮತ್ತೆ ಉರಿಸುವುದು ಇನ್ನೊಂದು ದೋಷ; ಇದಕ್ಕೆ ಕುಮಾರಸಂಭವದ ರತಿವಿಲಾಪವೇ ಅವನ ಉದಾಹರಣೆ. ಕಾಳಿದಾಸನನ್ನೇ ಬಿಡದ ಶಾಸ್ತ್ರವು ಮುಂಬಯಿಯ ಚಿತ್ರಗಳನ್ನು ಬಿಟ್ಟೀತೆ? ಗುರುದತ್ತರ 'ಪ್ಯಾಸಾ' (೧೯೫೭) ಎಂಬ ಶ್ರೇಷ್ಠ ಚಿತ್ರದಲ್ಲಿಯೂ ಈ ತೆರನ ಒಂದೆಡೆ ಇರುವುದು. ಅಲ್ಲಿ ಕವಿತೆಯೇ ಕಥೆಯ ವಸ್ತು. ಬೀದಿಯ ಹೆಣ್ಣೊಬ್ಬಳ ಬಾಯಿಂದ ತನ್ನದೇ ಪದ್ಯವನ್ನು ಕೇಳಿ ಕವಿಯು ಅವಳನ್ನು ಹಿಂಬಾಲಿಸುವನು. ಸಾಹಿರ್ ಲುಧಿಯಾನ್ವಿಯವರ ಗೀತೆಗಳು ಕಥೆಯ ಎಲುಬಾಗಿರುವುವು. ಆದರೆ ನಡುವೆ ಮೋಡಗಳ ಮೇಲೆ ಮೆಟ್ಟಲಿಳಿದು ಬರುವ ಒಂದು ಸ್ವಪ್ನಯುಗಳಗೀತೆ ಉಂಟಷ್ಟೆ? ಅದು ಭರತನ ಆಂತರಾ ಧ್ರುವೆಯಂತೆ ತೆರಪನ್ನು ತುಂಬುವುದೇ ಹೊರತು ಅದನ್ನು ತೆಗೆದರೆ ಕಥೆಗೆ ನಷ್ಟವಿಲ್ಲ.

ಅಂಗಿಯನ್ನೇ ಮರೆತುಬಿಡುವುದು, ಎಂದರೆ ಪ್ರಧಾನವಾದುದನ್ನು ಬಿಟ್ಟು ಅಪ್ರಧಾನವನ್ನು ಬೆಳಸುವುದು, ಮೂರನೆಯ ದೋಷ. ಇದಕ್ಕೆ ನಿದರ್ಶನವು ಕನ್ನಡಿಗರಾದ ನಮಗೆ ಹೃದಯಕ್ಕೆ ತಟ್ಟತಕ್ಕದ್ದು. ತ. ರಾ. ಸುಬ್ಬರಾಯರ 'ಹಂಸಗೀತೆ' ಕಾದಂಬರಿಯು ಚಿತ್ರದುರ್ಗದ ಸಂಗೀತಗಾರ ಭೈರವಿ ವೆಂಕಟಸುಬ್ಬಯ್ಯನ ಕಥೆ. ಅರಸರಿಗಾಗಿ ಹಾಡಲೊಲ್ಲದೆ ತನ್ನ ನಾಲಗೆಯನ್ನೇ ಕತ್ತರಿಸಿಕೊಂಡ ಕಲಾವಿದನ ಕಥೆಯದು. ಇದನ್ನಾಧರಿಸಿ ೧೯೫೬ರಲ್ಲಿ 'ಬಸಂತ್ ಬಹಾರ್' ಎಂಬ ಹಿಂದೀ ಚಿತ್ರವು ಹೊರಟಿತು. ಶಂಕರ ಜೈಕಿಶನರ ಸಂಗೀತ. ಶೈಲೇಂದ್ರ, ಹಸರತ್ ಜೈಪುರಿಯವರ ಗೀತೆಗಳು. ಅದರ ಹಾಡುಗಳು ಒಂದೊಂದೂ ರತ್ನವೆಂಬುದರಲ್ಲಿ ಸಂಶಯವಿಲ್ಲ. ರಾಜಸಭೆಯ ಸ್ಪರ್ಧೆಯಲ್ಲಿ ಪ್ರತಿಸ್ಪರ್ಧಿಗಾಗಿ ಗದಗಿನ ಭೀಮಸೇನ ಜೋಶಿಯವರೂ ನಾಯಕನಿಗಾಗಿ ಮನ್ನಾ ಡೇ ಅವರೂ ಹಾಡಿರುವರು. ಜೋಶಿಯವರನ್ನು ಗೆದ್ದಂತೆ ಹಾಡುವುದಕ್ಕೆ ತಾವು ಹಿಂಜರಿದುದಾಗಿ ಮನ್ನಾ ಡೇ ಅವರೇ ಹೇಳಿಕೊಂಡಿರುವರು. ಆದರೆ ಕಥೆಯ ಅಂಗಿಯೆಲ್ಲಿ? ಕಲೆಗೂ ಅಧಿಕಾರಕ್ಕೂ ನಡೆಯುವ ಕಲಹವು ಹಿಂದೆ ಸರಿದು, ಗಾಯಕನಿಗೂ ನರ್ತಕಿಗೂ ಬೆಳೆಯುವ ಪ್ರಣಯವು ಮುಂದೆ ನಿಂತಿತು. ೧೯೭೫ರಲ್ಲಿ ಜಿ. ವಿ. ಅಯ್ಯರರು ಅದೇ ಕಾದಂಬರಿಯನ್ನು ಕನ್ನಡದಲ್ಲಿ ಚಿತ್ರವಾಗಿಸಿದಾಗ, ಎಂ. ಬಾಲಮುರಳಿಕೃಷ್ಣರೂ ನಮ್ಮ ಬಂಟ್ವಾಳದ ಕಡೆಯ ಬಿ. ವಿ. ಕಾರಂತರೂ ಕೂಡಿ ಸಂಗೀತವನ್ನೊದಗಿಸಿದರು. ಅಲ್ಲಿ ಅಂಗಿಯು ಅಂಗಿಯಾಗಿಯೇ ಉಳಿಯಿತು. ಆದರೆ ಅದರ ಹಾಡುಗಳು ಬೀದಿಬೀದಿಗೆ ಹಬ್ಬಲಿಲ್ಲ.

ಇದರಿಂದ ನಾವು ಗ್ರಹಿಸಬೇಕಾದ ತತ್ತ್ವವೊಂದುಂಟು. ಹಿಂದೀ ಚಿತ್ರವು ಪ್ರಬಂಧವಾಗಿ ಸೋತಲ್ಲಿಯೂ ಮುಕ್ತಕವಾಗಿ ಗೆದ್ದಿದೆ. ಅಮರುಕನ ಒಂದೊಂದು ಮುಕ್ತಕವೂ ಇಡಿಯ ಪ್ರಬಂಧದಂತೆ ರಸವನ್ನು ಸೂಸುವುದೆಂದು ಆನಂದವರ್ಧನನು ಹೇಳಿರುವನು. ನಮ್ಮೂರಿನ ಕೇಳುಗರಲ್ಲಿ ಅನೇಕರು ಚಿತ್ರವನ್ನು ನೋಡದೆಯೇ ಹಾಡನ್ನು ಬಲ್ಲವರು. ಕಥೆಯ ಆಧಾರವಿಲ್ಲದೆಯೂ, ಎಷ್ಟೋ ವೇಳೆ ಭಾಷೆಯ ಅರ್ಥವಿಲ್ಲದೆಯೂ ಆ ಹಾಡು ನಿಲ್ಲಬಲ್ಲುದಾಗಿದ್ದರೆ, ಅದನ್ನು ಕಾವ್ಯವಲ್ಲವೆಂದು ತಳ್ಳುವುದು ನ್ಯಾಯವಲ್ಲ. ಆದರೆ ಅರ್ಥವಿಲ್ಲದೆ ನಿಲ್ಲುವ ಶಕ್ತಿಯೇ ಅದರ ಅಪಾಯವೂ ಹೌದು. ಕಲ್ಯಾಣಮಂಟಪಗಳಲ್ಲಿ ವಧೂವರರು ಕುಳಿತಿರುವಾಗ, ಪ್ರಿಯನಿಂದ ವಂಚಿತಳಾದವಳ ಗೋಳನ್ನು ಧ್ವನಿವರ್ಧಕದಲ್ಲಿ ಹಾಕಿ ಅಕ್ಷತೆ ತಳಿಯುವುದನ್ನು ಕಾಣದವರು ಯಾರು? ಮಟ್ಟು ಇಂಪಾಗಿದೆಯೆಂಬ ಒಂದೇ ಕಾರಣಕ್ಕೆ ವಿಪ್ರಲಂಭವು ಸಂಭೋಗದ ಪೀಠದಲ್ಲಿ ಕುಳಿತುಕೊಳ್ಳುವುದು. ಇದು ಹಾಡಿನ ತಪ್ಪಲ್ಲ, ಅರ್ಥವನ್ನು ವಿಚಾರಿಸದ ನಮ್ಮ ತಪ್ಪು.

ಇಲ್ಲಿಗೆ ಮೂರನೆಯ ಆಕ್ಷೇಪವು ಬಂದೊದಗಿತು. ಪರಭಾಷೆಯ ಹಾಡೆಂಬ ದೂರು ಪೂರ್ತಿಯಾಗಿ ನಿಲ್ಲದು. ೧೯೪೩ರ 'ಕಿಸ್ಮತ್' ಚಿತ್ರದ ಹಾಡುಗಳನ್ನು ದೇಶದ ಮನೆಮನೆಗೆ ಮುಟ್ಟಿಸಿದ ಕಂಠಗಳಲ್ಲಿ ಮುಖ್ಯವಾದುದು ವಿಜಾಪುರ ಸೀಮೆಯ ಬೀಳಗಿಯ ಅಮೀರಬಾಯಿಯವರದು. ಆಕೆಯು ತನ್ನ ಹೆಸರಿನೊಡನೆಯೇ ಕರ್ನಾಟಕಿ ಎಂಬುದನ್ನು ಧರಿಸಿದ್ದಳು; ಆಕೆಯ ಜೀವನವನ್ನು ರಹಮತ್ ತರೀಕೆರೆಯವರು ಕನ್ನಡದಲ್ಲಿ ಗ್ರಂಥವಾಗಿ ಬರೆದಿರುವರು. ಶೂದ್ರಕನ ವಸಂತಸೇನೆಯನ್ನು ೧೯೮೪ರಲ್ಲಿ 'ಉತ್ಸವ್' ಎಂಬ ಹಿಂದೀ ಚಿತ್ರವಾಗಿ ನಿರ್ದೇಶಿಸಿದವರು ಗಿರೀಶ ಕಾರ್ನಾಡರು. ಹಿಂದೀ ಚಿತ್ರಗೀತೆಯ ಮನೆಗೆ ನಾವೂ ಕಲ್ಲು ಹೊತ್ತವರೇ. ಆದುದರಿಂದ ಅದನ್ನು ನೆರೆಮನೆಯೆಂದು ದೂರುವಂತಿಲ್ಲ.

ನಮ್ಮ ಹಾಡುಗಳು ಅಡಗಿದುವೆಂಬುದು ನಿಜ. ಆದರೆ ಕಾರಣವನ್ನು ಸರಿಯಾಗಿ ಗುರುತಿಸಬೇಕು. ದೇರೆಬೈಲೆಂಬ ಹೆಸರಿನಲ್ಲಿ ಬೈಲು ಉಳಿದಿದ್ದರೂ ನೆಲದ ಮೇಲೆ ಗದ್ದೆಗಳು ಉಳಿದುದು ಎಷ್ಟು? ನಾಟಿಯೇ ಇಲ್ಲದ ಮೇಲೆ ನಾಟಿಯ ಪಾಡ್ದನವನ್ನು ಹಾಡುವವರು ಯಾರು? ಅದನ್ನು ಅಡಗಿಸಿದುದು ಹಿಂದೀ ಹಾಡಲ್ಲ. ಮದುವೆಯ ಶೋಭಾನೆಯ ಸಂಗತಿ ಮಾತ್ರ ಬೇರೆ. ಮದುವೆಗಳು ಇಂದಿಗೂ ನಡೆಯುತ್ತಿರುವುವು. ಹಾಡುವ ಅವಕಾಶವೂ ಇರುವುದು. ಆದರೆ ಮೆಹಂದಿಯ ರಾತ್ರಿ, ಸಂಗೀತದ ರಾತ್ರಿಯೆಂಬ ಪದ್ಧತಿಗಳು ನಮ್ಮ ಕಡೆಗೂ ಬಂದು, ಹದಿನಾಲ್ಕು ಹಾಡುಗಳ 'ಹಂ ಆಪ್ಕೇ ಹೈಂ ಕೌನ್' ಎಂಬ ೧೯೯೪ರ ಚಿತ್ರದಂತಹವು ಮದುವೆಯ ಮಾದರಿಯಾದುವು. ಅಜ್ಜಿಯು ಮೊಮ್ಮಗಳ ಹೆಸರನ್ನು ಸೇರಿಸಿ, ಬೀಗರನ್ನು ಗೇಲಿಮಾಡಿ, ಆ ಮನೆಗೇ ಸಲ್ಲುವಂತೆ ಹಾಡುತ್ತಿದ್ದ ಶೋಭಾನೆಯ ಎಡೆಯಲ್ಲಿ, ಯಾರ ಮನೆಗೂ ಸಲ್ಲುವ ಮತ್ತು ಯಾರ ಮನೆಯದೂ ಅಲ್ಲದ ಹಾಡು ಬಂದು ಕುಳಿತಿತು. ನಮಗಾದ ನಿಜವಾದ ನಷ್ಟವು ಇದು. ಹಾಡುತ್ತಿದ್ದ ಹೆಂಗಸರು ಈಗ ಕೇಳುಗರಾಗಿ ಕುಳಿತರು.

ಭಜನೆಯ ವಿಷಯದಲ್ಲಿಯೂ ಒಂದು ಮಾತು. ಕೆಲವು ಭಜನಾಮಂದಿರಗಳಲ್ಲಿ ಹಿಂದೀ ಪ್ರಣಯಗೀತೆಯ ಮಟ್ಟಿಗೆ ದೇವರ ನಾಮವನ್ನು ಕೂಡಿಸಿ ಹಾಡುವ ರೂಢಿಯುಂಟು. ಹರಿದಾಸರೂ ಜನರ ಧಾಟಿಗಳನ್ನು ಬಳಸಿಕೊಳ್ಳಲಿಲ್ಲವೆ ಎಂದು ಇದನ್ನು ಸಮರ್ಥಿಸುವರು. ಸಾಮ್ಯವು ಅಸಮರ್ಪಕ. ಜನಪದದ ಧಾಟಿಯು ನೂರು ಬಗೆಯ ಮಾತುಗಳಿಗೆ ಒದಗುವ ಪಾತ್ರೆ. ಚಿತ್ರಗೀತೆಯ ಮಟ್ಟಾದರೋ ಒಂದು ಮುಖಕ್ಕೆ, ಒಂದು ದೃಶ್ಯಕ್ಕೆ ಅಂಟಿಕೊಂಡಿರುವುದು. ಬಾಯಿ ವಿಠಲನೆಂದರೂ ಸಂಸ್ಕಾರವು ಮನಸ್ಸನ್ನು ಆ ದೃಶ್ಯಕ್ಕೇ ಒಯ್ಯುವುದು. ಭಕ್ತಿಗೂ ಇದರಿಂದ ಸುಖವಿಲ್ಲ, ಶೃಂಗಾರಕ್ಕೂ ಗೌರವವಿಲ್ಲ.

ಹಾಗೆಂದು ನಿಷೇಧವು ಮದ್ದಲ್ಲ. ೧೯೫೨ರಲ್ಲಿ ಬಿ. ವಿ. ಕೇಸ್ಕರರು ವಾರ್ತಾಖಾತೆಯ ಸಚಿವರಾದ ಕಾಲದಲ್ಲಿ ಆಕಾಶವಾಣಿಯಿಂದ ಚಿತ್ರಗೀತೆಗಳು ಹೊರಹಾಕಲ್ಪಟ್ಟುವು. ಫಲವೇನಾಯಿತು? ದೇಶವೆಲ್ಲವೂ ಸಿಂಹಳದ ರೇಡಿಯೋದ ಕಡೆಗೆ ಕಿವಿದಿರುಹಿತು. ಅಮೀನ್ ಸಯಾನಿಯವರ ಬಿನಾಕಾ ಗೀತಮಾಲೆಯು ಮನೆಮಾತಾಯಿತು. ೧೯೫೭ರಲ್ಲಿ ವಿವಿಧಭಾರತಿಯನ್ನು ತೆರೆದು ಸರಕಾರವೇ ಆ ಹಾಡುಗಳನ್ನು ಮತ್ತೆ ಬರಮಾಡಿಕೊಂಡಿತು. ಸರಕಾರದಿಂದಾಗದ ಕೆಲಸವು ಮನೆಯ ಯಜಮಾನರಿಂದ, ಅದರಲ್ಲಿಯೂ ಪ್ರತಿಯೊಬ್ಬರ ಕೈಯಲ್ಲಿ ಮೊಬೈಲು ಇರುವ ಈ ದಿನಗಳಲ್ಲಿ, ಆಗುವುದುಂಟೆ?

ಬೇಕಾದುದು ವಿವೇಕ. ಮನೆಯಲ್ಲಿ ಮಕ್ಕಳು ಹಿಂದೀ ಹಾಡನ್ನು ಹಾಡಿದರೆ ಅದರ ಅರ್ಥವನ್ನು ಕೇಳಿರಿ; ತಿಳಿಯದಿದ್ದರೆ ಒಟ್ಟಿಗೆ ಕುಳಿತು ತಿಳಿಯಿರಿ. ಕವಿಯು ಒಲವಿನ ಹೆಸರನ್ನು ಕೂಗುತ್ತಿರುವನೋ ಒಲವನ್ನು ಕಾಣಿಸುತ್ತಿರುವನೋ ಎಂದು ವಿಚಾರಿಸಿರಿ. ಹಾಡು ತನ್ನ ಕಥೆಯಲ್ಲಿ ಏನು ಕೆಲಸವನ್ನು ಮಾಡುವುದೆಂದು ನೋಡಿರಿ. ಈ ಮೂರು ಪ್ರಶ್ನೆಗಳಿಗೆ ತಡೆದುಕೊಂಡ ಹಾಡು ಯಾವ ಭಾಷೆಯದಾದರೂ ಕಾವ್ಯವೇ. ಅದನ್ನು ಸಂತೋಷದಿಂದ ಕೇಳತಕ್ಕದ್ದು. ಹೀಗೆ ಪಳಗಿದ ಕಿವಿಯು ಕನ್ನಡದ ಕವಿತೆಗೂ ಒಳ್ಳೆಯ ಕಿವಿಯಾಗುವುದು.

ಜೊತೆಗೆ ನಮ್ಮದನ್ನು ನಾವು ಹಾಡಬೇಕು. ಕನ್ನಡದ ಭಾವಗೀತೆಗಳನ್ನು ಜನರ ನಾಲಗೆಗೆ ತಂದ ಪಿ. ಕಾಳಿಂಗರಾಯರು ನಮ್ಮ ಕರಾವಳಿಯ ಆರೂರಿನವರೇ. ಕವಿತೆಯು ಉತ್ತಮವಾಗಿದ್ದು ಕಂಠವು ದೊರೆತರೆ ಜನರು ಒಲ್ಲೆನೆನ್ನುವುದಿಲ್ಲವೆಂಬುದಕ್ಕೆ ಅವರೇ ಪ್ರಮಾಣ. ಇನ್ನು ದಂಪತಿಗಳ ಒಲವನ್ನು ಹೇಳುವ ಬಗೆಗೆ ನಂದಳಿಕೆಯ ಮುದ್ದಣನಿಗಿಂತ ಹಿರಿಯ ಗುರುವು ನಮಗೆ ಬೇಕೆ? ಮಳೆಗಾಲದಲ್ಲಿ ಮನೆಗೆ ಬಂದ ಗಂಡನೊಡನೆ ಕಥೆ ಹೇಳೆಂದು ಹಟ ಹಿಡಿದು, ನಡುನಡುವೆ ಅವನ ಪಾಂಡಿತ್ಯವನ್ನು ಹಾಸ್ಯಮಾಡುವ ಮನೋರಮೆಯನ್ನು ನೆನೆಯಿರಿ. ಅವರ ಸಲ್ಲಾಪದಲ್ಲಿ ಕೊಂಕು, ಮುನಿಸು, ನಗೆ ಎಲ್ಲವೂ ಇರುವುವು. ಒಲವೆಂಬ ಘೋಷಣೆಯೊಂದರ ಅಗತ್ಯವು ಬೀಳಲೇ ಇಲ್ಲ. ಮನೆಯ ಮಕ್ಕಳು ತಾನಸೇನನ ಸೋಹನಿಯನ್ನೂ ಕೇಳಲಿ, ಮನೋರಮೆಯ ನಗೆಯನ್ನೂ ಕೇಳಲಿ. ಎರಡನ್ನೂ ಬಲ್ಲವರಿಗೆ ಬರಿಯ ಕೂಗಾಟವು ತಾನಾಗಿಯೇ ರುಚಿಸದೆ ಹೋಗುವುದು.